ಎರಡೂ ಕಾಲು ಒಟ್ಟಿಗೆ ಒತ್ತಬಾರದು

ನನ್ನ ಸೊಸೆಗೆ ಮಗ್ಗ ಕಲಿಸಿದವಳು ನಾನೇ. ಹೊಡೆದು ಕಲಿಸಿದೆ. ಅವಳು ತಳಕಿನ ಕಡೆಯವಳು. ನಮ್ಮ ಜನವೇ ಆದರೂ ಅವರ ಮನೆಯಲ್ಲಿ ಮಗ್ಗ ಬಿಟ್ಟು ಎರಡು ತಲೆಮಾರಾಗಿತ್ತು, ಶೇಂಗಾ ಬೆಳೆದುಕೊಂಡಿದ್ದರು. ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಾಗ ಅವಳಿಗೆ ಲಾಳಿ ಹಿಡಿಯಲೂ ಬರುತ್ತಿರಲಿಲ್ಲ.

ನಮ್ಮದು ಗುಂಡಿ ಮಗ್ಗ. ನೆಲ ತೋಡಿ, ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತೇವೆ. ಕಾಲ ಕೆಳಗೆ ಎರಡು ಹಲಗೆ ಇರುತ್ತವೆ. ಎಡಗಾಲು ಒತ್ತಿದರೆ ಬಲಗಾಲು ಏಳಬೇಕು, ಬಲಗಾಲು ಒತ್ತಿದರೆ ಎಡಗಾಲು. ಆಗ ರೇಷ್ಮೆ ಎಳೆಗಳು ಬಾಯಿ ಬಿಟ್ಟು ಲಾಳಿಗೆ ದಾರಿ ಕೊಡುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮೇಲಿನ ಹಗ್ಗ ಬಿಗಿದು ಎಳೆ ಹರಿಯುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಅದು, ಅವಳೂ ಮಾಡುತ್ತಿದ್ದಳು. ನಾನು ಗುಂಡಿಯ ಅಂಚಿನಲ್ಲಿ ಬಿದಿರು ಕಡ್ಡಿ ಹಿಡಿದು ಕೂರುತ್ತಿದ್ದೆ. ಎರಡು ಪಾದ ಒಟ್ಟಿಗೆ ಇಳಿದರೆ ಮೊಣಕಾಲ ಕೆಳಗೆ ಒಂದು ಬಿಡುತ್ತಿದ್ದೆ. “ಒಕ ಕಾಲೇ!” ಎನ್ನುತ್ತಿದ್ದೆ. ಒಂದೇ ಕಾಲು ಅಂತ. ಸಿಟ್ಟು ಬಂದರೆ ನನ್ನ ಬಾಯಿಗೆ ತೆಲುಗೇ ಬರುವುದು. ವರ್ಷ ತುಂಬುವುದರೊಳಗೆ ಅವಳ ಕಾಲು ನನ್ನ ಕಾಲಿನ ಹಾಗೇ ಆಡತೊಡಗಿತು. ನಿದ್ದೆಯಲ್ಲೂ ಒಂದು ಒತ್ತುತ್ತೆ ಇನ್ನೊಂದು ಎತ್ತುತ್ತೆ ಎಂದು ಮಗ ನಗುತ್ತಿದ್ದ.

ಆಮೇಲೆ ಮೊಮ್ಮಗಳು ಹುಟ್ಟಿದಳು, ಮಗನ ಸೊಂಟ ಹೋಯಿತು. ಗುಂಡಿಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ ಅದೇನು ಹೊಸದಲ್ಲ. ನನ್ನ ಕಣ್ಣು ಅದಕ್ಕೂ ಮೊದಲೇ ಎಳೆ ಕಾಣದಷ್ಟು ಮಂಜಾಗಿತ್ತು. ಮನೆಯಲ್ಲಿ ಮಗ್ಗಕ್ಕೆ ಇಳಿಯುವವಳು ಅವಳೊಬ್ಬಳೇ ಉಳಿದಳು. ಅವಳು ಅಷ್ಟಕ್ಕೆ ಸುಮ್ಮನಿರಲಿಲ್ಲ. ಊರಿನ ಕಸದ ಗಾಡಿ ಓಡಿಸಲು ಹೆಂಗಸರು ಬೇಕು ಎಂದಾಗ ಚಿಕ್ಕ ಲೈಸೆನ್ಸ್ ಮಾಡಿಸಿಕೊಂಡು ಬೆಳಿಗ್ಗೆ ಅದನ್ನು ಓಡಿಸಿ, ಬಂದು ಮಗ್ಗಕ್ಕೆ ಕೂರುತ್ತಿದ್ದಳು. ಅದು ಬ್ಯಾಟರಿ ಗಾಡಿ, ಕ್ಲಚ್ ಇಲ್ಲ. ಒಂದು ಕಾಲಿನ ಕೆಲಸ.

ಹೋದ ವರ್ಷ ಒಬ್ಬ ಗುತ್ತಿಗೆದಾರ ಅವಳು ಗಾಡಿ ತಿರುಗಿಸುವುದನ್ನು ನೋಡಿದನಂತೆ. ಕುದಾಪುರದ ಕಡೆ ಕಟ್ಟಡದ ಕೆಲಸ ಇದೆ, ದೊಡ್ಡ ಲೈಸೆನ್ಸ್ ಮಾಡಿಸಿಕೊಂಡು ಬಾ, ಟಿಪ್ಪರ್ ಕೊಡುತ್ತೇನೆ ಎಂದನಂತೆ. ಅವಳು ಅದನ್ನು ಊಟಕ್ಕೆ ಕೂತಾಗ ಹೇಳಿದಳು.

“ಲಾರಿ ಓಡಿಸ್ತೀಯಾ?” ಎಂದ ಮಗ. “ಮೀಸೆನೂ ಬಿಡ್ತೀಯೋ?”

“ನಿಮ್ದು ಐತಲ್ಲ, ಮನೇಲಿ ಒಂದು ಸಾಕು,” ಎಂದಳು.

ಅವನು ಒಪ್ಪಲಿಕ್ಕೆ ಎಂಟು ದಿನ ಹಿಡಿಯಿತು. ಒಪ್ಪಿದರೂ ಒಂದು ಷರತ್ತು ಹಾಕಿದ. ಪರ ಗಂಡಸಿನ ಪಕ್ಕ ಅವಳು ಒಬ್ಬಳೇ ಕ್ಯಾಬಿನ್‌ನಲ್ಲಿ ಕೂರುವಂತಿಲ್ಲ, ಅವ್ವ ಜೊತೆಗೆ ಹೋಗಬೇಕು. ಹೀಗೆ ಅರವತ್ತೆಂಟನೇ ವಯಸ್ಸಿನಲ್ಲಿ ನಾನು ಲಾರಿ ಹತ್ತಿದೆ.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ತಳಕು ದಾಟಿ ಚಳ್ಳಕೆರೆಗೆ ಹೋಗುತ್ತಿದ್ದೆವು. ಕಲಿಸುವವರು ಮೂವತ್ತು ವರ್ಷ ಲಾರಿ ಓಡಿಸಿ ಬಿಟ್ಟವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಬೈಗುಳ ಒಂದೂ ಬರುತ್ತಿರಲಿಲ್ಲ. ಕಲಿಸುವ ಲಾರಿ ಹಳೆಯದು. ಅವರ ಕಾಲ ಕೆಳಗೂ ಬೇರೆ ಒಂದು ಬ್ರೇಕ್ ಇತ್ತು. ನಡುವೆ ಅವರು, ಆ ಕಡೆ ಕಿಟಕಿಗೆ ನಾನು.

ಕಲಿಯಲು ಬಂದ ಬೇರೆ ಗಂಡಸರು ಮೈದಾನದ ಬೇಲಿಗೆ ಒರಗಿ ನಿಂತಿರುತ್ತಿದ್ದರು. ಮೊದಲ ದಿನ ನಾನು ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತುವಾಗ ಒಬ್ಬ ಕೂಗಿದ.

“ಏನಜ್ಜೀ, ನಿಮಗೂ ಲೈಸೆನ್ಸಾ? ಯಾವೂರಿಗೆ ಲೋಡು?”

“ನಿಮ್ಮೂರ ಸ್ಮಶಾನಕ್ಕೆ. ಬರ್ತೀಯಾ, ಮುಂದಿನ ಸೀಟು ಖಾಲಿ ಐತೆ.”

ಉಳಿದವರು ಅವನ ಬೆನ್ನಿಗೆ ಗುದ್ದಿ ನಕ್ಕರು. ಆಮೇಲೆ ಯಾರೂ ನನ್ನ ಸುದ್ದಿಗೆ ಬರಲಿಲ್ಲ.

ಸೊಸೆ ಸ್ಟೇರಿಂಗ್ ಚೆನ್ನಾಗಿ ಹಿಡಿದಳು. ಗೇರು ಎರಡೇ ದಿನಕ್ಕೆ ಕೈಗೆ ಬಂತು. ನಿಲ್ಲಿಸುವುದು ಮಾತ್ರ ಬರಲಿಲ್ಲ. ಲಾರಿ ನಿಲ್ಲಿಸಬೇಕಾದರೆ ಎಡಗಾಲಲ್ಲಿ ಕ್ಲಚ್, ಬಲಗಾಲಲ್ಲಿ ಬ್ರೇಕ್, ಎರಡನ್ನೂ ಒತ್ತಿ ಹಿಡಿಯಬೇಕು. ಅವಳು ಬ್ರೇಕ್ ಒತ್ತುವಳು, ಸರಿ. ಕ್ಲಚ್ ಒತ್ತಿದ ಕೂಡಲೇ ಬಲಗಾಲು ತಾನಾಗಿ ಮೇಲೇಳುವುದು. ಪ್ರತಿ ಸಲವೂ ಉಸ್ತಾದ್ ತಮ್ಮ ಬ್ರೇಕ್ ಒತ್ತುತ್ತಿದ್ದರು.

“ಬೇಟಿ, ಬ್ರೇಕ್ ಯಾಕೆ ಬಿಟ್ಟೆ? ಎರಡೂ ಹಿಡ್ಕೋ.”

“ಹಿಡ್ಕೊಂಡೇ ಇದೀನಲ್ಲ ಉಸ್ತಾದ್.”

“ಎಲ್ಲಿ? ಕಾಲು ನೋಡ್ಕೋ.”

ಅವಳು ಬಗ್ಗಿ ನೋಡಿಕೊಂಡಳು. ಪಾದ ಗಾಳಿಯಲ್ಲಿತ್ತು. ಅವಳಿಗೇ ಆಶ್ಚರ್ಯ.

“ಭಯ, ಅಷ್ಟೇ. ಹೋಗ್ತದೆ ಬಿಡು,” ಎಂದರು ಉಸ್ತಾದ್.

ಭಯವಲ್ಲ. ಅದು ಏನೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ಆ ಕಾಲು ಮಗ್ಗ ತುಳಿಯುತ್ತಿತ್ತು. ಒಂದು ಇಳಿದರೆ ಇನ್ನೊಂದು ಏಳಲೇಬೇಕು ಎಂದು ನಾನೇ ಕಡ್ಡಿಯಿಂದ ಬರೆದದ್ದು ಅದು. ಉಸ್ತಾದರಿಗೆ ಮಗ್ಗ ಗೊತ್ತಿರಲಿಲ್ಲ. ಅವಳಿಗೆ ತನ್ನ ಕಾಲು ಏಳುವುದೇ ಗೊತ್ತಾಗುತ್ತಿರಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳು.

ಹೇಳಲಿಲ್ಲ.

ಯಾಕೆಂದು ಹೇಳುತ್ತೇನೆ. ಅವಳು ಟಿಪ್ಪರ್ ಹತ್ತಿದರೆ ಮಗ್ಗ ನಿಲ್ಲುತ್ತಿತ್ತು. ನನ್ನ ಅತ್ತೆ ಕೂತ ಗುಂಡಿ, ನಾನು ಐವತ್ತು ವರ್ಷ ಕೂತ ಗುಂಡಿ. ಅವಳು ನೇಯುವಾಗ ನಾನು ಪಕ್ಕದಲ್ಲಿ ಕೂತು ಅಂಚು ತಪ್ಪಿತು, ಬುಟ್ಟಾ ಓರೆಯಾಯಿತು ಎಂದು ಹೇಳುತ್ತಿದ್ದೆ. ಕಣ್ಣು ಮಂಜಾದರೂ ಸದ್ದು ಕೇಳಿದರೆ ನನಗೆ ತಪ್ಪು ಗೊತ್ತಾಗುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಆ ಗುಂಡಿಯ ಅಂಚಿನಲ್ಲಿ ಮಾತ್ರ. ಮಗ್ಗ ನಿಂತರೆ ನಾನು ಮೂಲೆಯ ಮುದುಕಿ. ಟೆಸ್ಟ್‌ನಲ್ಲಿ ಎರಡು ಸಲ ಫೇಲಾದರೆ ತಾನೇ ಸುಮ್ಮನಾಗಿ ಗುಂಡಿಗೆ ಇಳಿಯುತ್ತಾಳೆ ಎಂದು ಲೆಕ್ಕ ಹಾಕಿದೆ. ಯಾರಿಗಾದರೂ ಏಟಾದೀತು ಎಂದು ಯೋಚಿಸಲಿಲ್ಲ. ಉಸ್ತಾದರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇತ್ತಲ್ಲ.

ಒಂದು ಸಲ ಬಸ್ಸಿನಲ್ಲಿ ಅವಳೇ ಕೇಳಿದಳು.

“ಅತ್ತೆ, ನನ್ ಕಾಲಿಗೆ ಏನೋ ಆಗೈತೆ. ನೀವು ಪಕ್ದಲ್ಲೇ ಕೂತಿರ್ತೀರಿ, ನಿಮಗೇನಾದ್ರೂ ಗೊತ್ತಾಗ್ತೈತಾ?”

“ಶೇಂಗಾ ಹೊಲದ ಕಾಲು ಅದು,” ಎಂದೆ. “ಲಾರಿ ಎಲ್ಲಿಂದ ಬರ್ಬೇಕು?”

ಅವಳು ಕಿಟಕಿಯ ಕಡೆ ತಿರುಗಿದಳು. ಊರು ಬರುವವರೆಗೂ ಸೀಟಿನ ಕೆಳಗೆ ಎರಡು ಪಾದವನ್ನೂ ಒತ್ತಿ ಒತ್ತಿ ನೋಡುತ್ತಿದ್ದಳು. ನಾನು ನಿದ್ದೆ ಬಂದವಳಂತೆ ಕೂತೆ.

ಟೆಸ್ಟ್‌ಗೆ ಒಂದು ವಾರ ಇತ್ತು. ಏರಿನ ಮೇಲೆ ಲಾರಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಹೊರಡುವುದನ್ನು ಅದರಲ್ಲಿ ಮಾಡಿಸುತ್ತಾರೆ. ಉಸ್ತಾದ್ ನಮ್ಮನ್ನು ಊರಾಚೆ ಕಲ್ಲು ತೆಗೆದು ಬಿಟ್ಟ ಒಂದು ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ದಾರಿ ಏರಾಗಿತ್ತು, ಜನ ಇರಲಿಲ್ಲ. ಹತ್ತು ಗಂಟೆಯ ಬಿಸಿಲು. ಅರ್ಧ ಏರಿನಲ್ಲಿ ನಿಲ್ಲಿಸು ಎಂದರು. ನಿಲ್ಲಿಸಿದಳು. ಆ ಸಲ ಎರಡೂ ಕಾಲು ಕೆಳಗಿದ್ದವು, ಬ್ರೇಕ್ ಮೇಲಿನ ಪಾದವನ್ನೇ ನೋಡುತ್ತ ಕೂತಿದ್ದಳು.

“ಶಾಬಾಸ್. ಹಾಗೇ ಇರು. ಹ್ಯಾಂಡ್‌ಬ್ರೇಕ್ ಹಳೇದು, ನಂಬ್ಬೇಡ. ನಾನು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡ್ತೀನಿ. ನಾನು ಹೇಳೋವರೆಗೂ ಎರಡೂ ಬಿಡ್ಬೇಡ.”

ಅವರು ನನ್ನನ್ನು ದಾಟಿ ಇಳಿಯಬೇಕಿತ್ತು. ಬಾಗಿಲು ತೆಗೆದು, “ಅಜ್ಜಿ, ಅವಳ ಕಾಲು ನೋಡ್ಕೊಳ್ಳಿ,” ಎಂದರು. ನಾನು ತಲೆ ಆಡಿಸಿದೆ.

ಇಳಿದು ಹೋದರು. ಅವಳು ಕನ್ನಡಿಯಲ್ಲಿ ಅವರನ್ನು ಹುಡುಕಲು ಕಣ್ಣು ಎತ್ತಿದಳು. ಅಷ್ಟೇ. ಕ್ಲಚ್ಚಿನ ಕಾಲು ಸ್ವಲ್ಪ ಸಡಿಲಾಗಿತ್ತು, ಸರಿ ಮಾಡಿಕೊಳ್ಳಲು ಮತ್ತೆ ಒತ್ತಿದಳು. ಬಲಗಾಲು ಎದ್ದಿತು. ನಾನು ನೋಡುತ್ತಲೇ ಇದ್ದೆ. ಲಾರಿ ಹಿಂದಕ್ಕೆ ಸರಿಯಿತು.

“ಮಗ್ಗಂ ಕಾದೇ!” ಎಂದು ಕಿರುಚಿದೆ. “ರೆಂಡು ಕಾಳ್ಳೂ ತೊಕ್ಕು!”

ಮಗ್ಗ ಅಲ್ಲವೇ, ಎರಡೂ ಕಾಲು ಒತ್ತು. ಹೇಳಬೇಕಾದ ಮಾತು ಅಷ್ಟೇ ಇತ್ತು. ಇಪ್ಪತ್ತೆರಡು ದಿನ ಬಾಯಲ್ಲಿ ಇಟ್ಟುಕೊಂಡಿದ್ದೆ. ಅವಳು ಆ ಕ್ಷಣವೇ ಎರಡನ್ನೂ ಒತ್ತಿದಳು, ಲಾರಿ ನಿಂತಿತು. ಜಾರಿದ್ದು ಒಂದು ಮಾರು ಇರಬೇಕು. ಉಸ್ತಾದ್ ಕಲ್ಲು ಹಿಡಿದು ಬಗ್ಗಿದ್ದರು. ಗಾಲಿ ಅವರ ಬಲಗಾಲಿನ ಮೇಲೆ ಹತ್ತಿ ನಿಂತಿತ್ತು.

ಅವರು ಕೂಗಲಿಲ್ಲ. “ಮುಂದಕ್ಕೆ ತಗೋ ಬೇಟಿ, ಮುಂದಕ್ಕೆ,” ಎಂದು ಕಲಿಸುವ ದನಿಯಲ್ಲೇ ಹೇಳಿದರು. ಅವಳು ಮುಂದಕ್ಕೆ ತೆಗೆದಳು. ನಾನು ಇಳಿದು ನೋಡಿದೆ. ಆ ಕಾಲು ಹೇಗಿತ್ತೆಂದು ನಾನು ಹೇಳುವುದಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಪೊಲೀಸರು ಬಂದು ಕೇಳಿದಾಗ, ತಾವೇ ಕಲ್ಲು ಸರಿಯಾಗಿ ಕೊಡಲಿಲ್ಲ, ಹುಡುಗಿಯದು ತಪ್ಪಿಲ್ಲ ಎಂದು ಉಸ್ತಾದ್ ಹೇಳಿದರಂತೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾಲ್ಕನೇ ದಿನ ಸೊಸೆ ಮುದ್ದೆ ತಿರುವುತ್ತ, ನನ್ನ ಕಡೆ ತಿರುಗದೆ ಕೇಳಿದಳು.

“ಗಾಡಿ ಜಾರಿದಾಗ ನೀವೇನಂದ್ರಿ?”

“ಅಯ್ಯೋ ಅಂದೆ.”

“ಅಯ್ಯೋ ಅನ್ಲಿಲ್ಲ. ಮಗ್ಗ ಅಲ್ಲ ಅಂದ್ರಿ. ಲಾರೀಲಿ ಕೂತು ಮಗ್ಗ ಯಾಕೆ ನೆನಪಾಯ್ತು ಅತ್ತೆ?”

ನಾನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.

“ಯಾವಾಗಿಂದ ಗೊತ್ತಿತ್ತು?”

“ಮೊದಲ್ನೇ ದಿನದಿಂದ.”

ಅವಳು ಕೂಗಾಡಲಿಲ್ಲ. ಮುದ್ದೆ ಕಟ್ಟಿ ನನ್ನ ತಟ್ಟೆಗೆ ಇಟ್ಟಳು, ಸಾರು ಬಿಟ್ಟಳು. ತಾನು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಗುಂಡಿಗೆ ಇಳಿದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು, ನೇರಳೆ ಬಣ್ಣದ್ದು. ಲಾಳಿ ಮುಟ್ಟಲಿಲ್ಲ. ಎರಡು ಪಾದವನ್ನೂ ಎರಡು ಹಲಗೆಯ ಮೇಲಿಟ್ಟು ಒಟ್ಟಿಗೆ ಒತ್ತಿದಳು. ಬಿಟ್ಟಳು, ಮತ್ತೆ ಒತ್ತಿದಳು. ಹಗ್ಗ ಕಿರುಗುಟ್ಟಿತು. ಎಳೆಗಳು ಒಂದೊಂದಾಗಿ ಹರಿಯುವ ಸದ್ದು ನನಗೆ ಅಡುಗೆಮನೆಗೆ ಕೇಳಿತು.

“ಏನ್ ಮಾಡ್ತಿದೀಯೇ? ಹಾಸೆಲ್ಲಾ ಹೋಗ್ತೈತೆ!” ಎಂದು ಮಗ ಮಂಚದಿಂದ ಕೂಗಿದ.

“ಹೋಗ್ಲಿ,” ಎಂದಳು.

ಐದು ದಿನ ಹಾಗೇ ಒತ್ತಿದಳು. ನಾನು ಒಂದು ವರ್ಷ ಹೊಡೆದು ಕಲಿಸಿದ್ದನ್ನು ಅದೇ ಗುಂಡಿಯಲ್ಲಿ ಕೂತು ಕಾಲಿನಿಂದ ತೆಗೆದಳು. ಆಮೇಲೆ ಒಬ್ಬಳೇ ಚಳ್ಳಕೆರೆಗೆ ಹೋದಳು. ಅವ್ವ ಜೊತೆಗೆ ಹೋಗಲಿ ಎಂದು ಮಗ ಈ ಸಲ ಹೇಳಲಿಲ್ಲ. ಉಸ್ತಾದರ ತಮ್ಮ ಕಲಿಸಿದರಂತೆ. ಟೆಸ್ಟ್‌ನಲ್ಲಿ ಮೊದಲ ಸಲಕ್ಕೇ ಪಾಸಾದಳು.

ಲೈಸೆನ್ಸ್ ಬಂದ ಮೇಲೆ ಒಂದು ದಿನ, “ಸೀರೆ ಉಟ್ಕೊಳ್ಳಿ, ಉಸ್ತಾದ್ ಮನೆಗೆ ಹೋಗಣ,” ಎಂದಳು.

ಅವರು ಹಜಾರದ ಮಂಚದ ಮೇಲೆ ಕೂತಿದ್ದರು. ಲುಂಗಿಯ ಒಂದು ಕಡೆ ಚಪ್ಪಟೆಯಾಗಿತ್ತು. ಅವರ ಹೆಂಡತಿ ಚಹಾ ತಂದುಕೊಟ್ಟಳು. ಸೊಸೆ ನನ್ನ ಕಡೆ ನೋಡಿ, “ಹೇಳಿ,” ಎಂದಳು. ಹೇಳಿದೆ. ಮಗ್ಗದ ಹಲಗೆ, ಕಡ್ಡಿ, ಮೊದಲ ದಿನ, ಎಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ.

ಉಸ್ತಾದ್ ಗಡ್ಡ ಎಳೆದುಕೊಂಡರು.

“ನಾನು ಇಳಿಯೋವಾಗ ನಿಮಗೆ ಹೇಳ್ದೆ ಅಜ್ಜಿ, ಅವಳ ಕಾಲು ನೋಡ್ಕೊಳ್ಳಿ ಅಂತ. ನೀವು ತಲೆ ಆಡಿಸಿದ್ರಿ.”

“ಹೂಂ.”

“ಅದೊಂದು ಮಾಡ್ಬಾರ್ದಾಗಿತ್ತು.”

ಅವರ ಹೆಂಡತಿ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು ಹೋದಳು. ಅದರಲ್ಲಿ ಇನ್ನೂ ಚಹಾ ಇತ್ತು.

ಸೊಸೆ ಈಗ ಕುದಾಪುರದ ಕಡೆ ಟಿಪ್ಪರ್ ಓಡಿಸುತ್ತಾಳೆ. ಕೆಂಪು ಧೂಳು ಮೆತ್ತಿಕೊಂಡು ಬರುತ್ತಾಳೆ. ನನಗೆ ಹೊತ್ತಿಗೆ ಊಟ ಇಡುತ್ತಾಳೆ, ಕಣ್ಣಿನ ಔಷಧಿ ತರುತ್ತಾಳೆ. ಅತ್ತೆ ಎನ್ನುವುದನ್ನು ಬಿಟ್ಟಿದ್ದಾಳೆ. ಬನ್ನಿ, ಉಣ್ಣಿ ಎನ್ನುತ್ತಾಳೆ, ಅಷ್ಟೇ.

ಮಗ್ಗಕ್ಕೆ ಯಾರೂ ಇಳಿಯದೆ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಏಳು ವರ್ಷದ ಮೊಮ್ಮಗಳು ಆಟವಾಡುತ್ತ ಗುಂಡಿಗೆ ಇಳಿದಳು. ಕಾಲು ಹಲಗೆಗೆ ಎಟುಕುತ್ತಿರಲಿಲ್ಲ, ತುದಿಬೆರಳಲ್ಲಿ ತಡವುತ್ತಿದ್ದಳು. “ಎಡಗಾಲು ಮೊದ್ಲು,” ಎಂದೆ ನಾನು, ಬಾಯಿ ತಪ್ಪಿ. ಹಿಂದೆ ಸೊಸೆ ನಿಂತಿದ್ದಳು. ಮಗುವನ್ನು ರೆಟ್ಟೆ ಹಿಡಿದು ಮೇಲೆತ್ತಿದಳು.

ಆ ವಾರವೇ ಚೀಲಗಳಲ್ಲಿ ಮಣ್ಣು ತಂದಳು. ಮಗ್ಗದ ಮರ ಬಿಚ್ಚಿ ಹಿತ್ತಲಿಗೆ ಹಾಕಿ, ಗುಂಡಿ ತುಂಬಿ, ನೀರು ಹೊಯ್ದು, ಎರಡೂ ಕಾಲಿನಿಂದ ತುಳಿದು ಗಟ್ಟಿ ಮಾಡಿದಳು. ಮೇಲೆ ಸಿಮೆಂಟ್ ಹಾಕಿಸಿದಳು. ಮಗನೂ ಬೇಡ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಮನೆಯಲ್ಲಿ ಬೇರೆ ಜಾಗ ಇಲ್ಲವೆಂದು ನನ್ನ ಮಂಚವನ್ನು ಅಲ್ಲೇ ಹಾಕಿದ್ದಾರೆ.