ಬಸ್ಮತಿಯ ಖಾರಕ್ಕೆ ಬಿದ್ದ ಕಣ್ಣು

ಅಂಗಡಿಯ ಜಗ್ರೂಪ್ ಬಾಟಲಿಯನ್ನು ಬೆಳಕಿಗೆ ಹಿಡಿದ. ಮುಚ್ಚಳ ಉಬ್ಬಿತ್ತು. ಒಳಗೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ಬಸ್ಮತಿ ಆಂಟಿ, ನಿಮ್ಮ ಖಾರ ಇಲ್ದೆ ಲಿಬರ್ಟಿ ಅವೆನ್ಯೂದಲ್ಲಿ ಯಾರೂ ಊಟಕ್ಕೆ ಕೂರಲ್ಲ ಅಂತ ಡಂಗುರ ಹೊಡೀತಿದ್ದೋನು ನಾನೇ. ಎರಡನೇ ಸಲ ಹಿಂಗಾಯ್ತು. ಶನಿವಾರ ತರೋದೂ ಕೆಟ್ರೆ ಆ ಕಪಾಟು ಬೇರೆಯವ್ರಿಗೆ. ಬೇಜಾರು ಮಾಡ್ಕೋಬೇಡಿ."

ಬಸ್ಮತಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದೊಂದು ಮನೆಯ ಪರದೆಯನ್ನೂ ಯಾರ ದೃಷ್ಟಿ ತಾಗಿತೋ ಎಂಬ ಅನುಮಾನದಿಂದ ನೋಡಿದಳು. ವಲಸೆ ಬಂದವರೇ ತುಂಬಿರುವ ರಿಚ್ಮಂಡ್ ಹಿಲ್‌ನಲ್ಲಿ ಪರದೆಯ ಹಿಂದೆ ಒಂದಲ್ಲ ಒಂದು ಕಸುಬು ಇದ್ದೇ ಇರುತ್ತದೆ. ಒಂದು ಮನೆಯಲ್ಲಿ ಹುಬ್ಬು ತೀಡುತ್ತಾರೆ, ಇನ್ನೊಂದರಲ್ಲಿ ಮದುವೆಯ ಲೆಹಂಗಾ ಹೊಲಿಯುತ್ತಾರೆ, ಮೂರನೆಯದರಲ್ಲಿ ಪಕ್ಕದ ಬೀದಿಯ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮಾಡುವವರು ಹೆಂಗಸರು. ಕೇಳಿದರೆ, "ನಮ್ಮನೆಯೋರು ಸುಮ್ನೆ ಮನೇಲಿದಾರೆ" ಅನ್ನುತ್ತಾರೆ ಗಂಡಸರು.

ಬಸ್ಮತಿಯೂ ಸುಮ್ಮನೆ ಮನೆಯಲ್ಲಿದ್ದವಳೇ. ಗಯಾನಾದ ಬರ್ಬೀಸಿನಿಂದ ಬಂದ ಮೇಲೆ ಮಂಡಿ ಸೋಲುವವರೆಗೆ ವಿಮಾನದ ಊಟದ ತಟ್ಟೆ ತುಂಬಿದಳು. ಆಮೇಲೆ ತಾಯಿ ಕಲಿಸಿದ ಖಾರ ಹಿಡಿದಳು. ಗೋಲಿಯಂಥ ವಿರಿವಿರಿ ಮೆಣಸಿನಕಾಯಿ, ಮಾವಿನಕಾಯಿ, ಸಾಸಿವೆ, ವಿನಿಗರ್. ಬಿಡಿಸುವುದು, ರುಬ್ಬುವುದು, ಉರಿಯುವ ಕೈಯನ್ನು ಇಡೀ ಸಂಜೆ ಹಾಲಿನಲ್ಲಿ ಅದ್ದಿ ಕೂರುವುದು, ಇವೆಲ್ಲ ಮನೆಗೆಲಸ. ಅವಳ ಗಂಡ ರಾಮ್‌ಕರಣ್ ಬಾಟಲಿಗಳನ್ನು ಬೇಸ್‌ಮೆಂಟಿನಿಂದ ಕಾರಿಗೆ, ಕಾರಿನಿಂದ ಅಂಗಡಿಗೆ ಒಯ್ಯುತ್ತಿದ್ದ. ಅದು ಬಿಸಿನೆಸ್. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಅವನದೇ ಹೆಸರು, ಅವನದೇ ಮೀಸೆ.

ಅವಳ ಅನುಮಾನ ಕೊನೆಗೆ ನೆಲಿಡಾಳ ಮೇಲೆ ನಿಂತಿತು. ಈಕ್ವೆಡಾರ್ ದೇಶದ ಆ ಹೆಂಗಸು ಚಳಿಗಾಲದಲ್ಲಿ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದವಳು. ರಾತ್ರಿ ವಿಮಾನಗಳ ಒಳಗೆ ಕಸ ಹೊಡೆದು ಹಗಲು ಮಲಗುತ್ತಿದ್ದಳು. ಖಾರದ ಬಾಟಲಿಗಳು ಇರುತ್ತಿದ್ದುದು ಅವಳ ಮಂಚದ ಪಕ್ಕದ ಹಲಗೆಯ ಮೇಲೆ. ಮೇಲೆ ಬಂದಾಗಲೆಲ್ಲ ಪಾತ್ರೆಯೊಳಗೆ ಇಣುಕಿ, ಏನೋ ಕೇಳಲು ಬಾಯಿ ತೆರೆದು, "ಎಷ್ಟು ಕೆಂಪು!" ಎಂದಷ್ಟೇ ಹೇಳಿ ಹೋಗುತ್ತಿದ್ದಳು.

"ಅವಳ ಕಣ್ಣೇ ಇರ್ಬೇಕು ಕಣೆ," ಅಂದ ರಾಮ್‌ಕರಣ್. "ಬಾಡಿಗೆ ಬರುತ್ತಲ್ಲ ಅಂತ ಸುಮ್ನಿದೀನಿ."

ಶುಕ್ರವಾರ ಬೆಳಿಗ್ಗೆ ಹೊಸ ಖಾರ ಕುದಿದು ಇಳಿಯಿತು. ಬಸ್ಮತಿ ಒಣಮೆಣಸು, ಸಾಸಿವೆ, ಬೆಳ್ಳುಳ್ಳಿ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ಪಾತ್ರೆಗೆ ನಿವಾಳಿಸಿ ಕಾದ ಬಾಣಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿರುವುದು ಖಂಡಿತ. ಇನ್ನೊಂದು ಮುಷ್ಟಿ ಹಾಕಿದಳು. ಆಮೇಲೆ ಡಬ್ಬಿಯನ್ನೇ ಮಗುಚಿದಳು.

ಬಾಣಲೆ ಹೊತ್ತಿಕೊಂಡು ಹೊಗೆ ಸೂರಿಗೆ ಮುಟ್ಟಿತು. ಹೊಗೆ ಕಂಡರೆ ಕೂಗುವ ಗಂಟೆ ಕಿರುಚಿತು. ಪಕ್ಕದ ಮನೆಯವರು ಫೋನ್ ಮಾಡಿದ್ದೇ ತಡ, ಬೆಂಕಿ ಆರಿಸುವ ಕೆಂಪು ಗಾಡಿ ಬಂದೇಬಿಟ್ಟಿತು.

"ಬೇಸ್‌ಮೆಂಟಲ್ಲಿ ಯಾರನ್ನೂ ಬಾಡಿಗೆಗಿಡೋ ಹಂಗಿಲ್ಲ, ಮಂಚ ನೋಡಿದ್ರೆ ಮನೆಗೇ ಬೀಗ ಹಾಕ್ತಾರೆ! ಆ ಹೆಂಗಸನ್ನ ಹಿಂದಿನ ಬಾಗಿಲಿಂದ ಓಡ್ಸು!" ಎಂದು ಕೂಗಿದ ರಾಮ್‌ಕರಣ್, ತಾನೇ ಮೊದಲು ಬೀದಿಗೆ ಓಡಿದ.

ಬಸ್ಮತಿ ಬಾಣಲೆಯ ಮೇಲೆ ಮುಚ್ಚಳ ಕವುಚಿ ಕೆಳಗಿಳಿದಾಗ ನೆಲಿಡಾ ಹಾಸಿಗೆ ಸುತ್ತುತ್ತಿದ್ದಳು. "ನನ್ನನ್ನ ಹೊರಗೆ ಹಾಕ್ತಾರಾ ಸೆನ್ಯೋರಾ?"

ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೆಟ್ಟ ಕಣ್ಣು ತಾನಾಗಿ ತೊಲಗುತ್ತದೆ ಎಂದು ಬಸ್ಮತಿಗೆ ಅನ್ನಿಸಿತು. ಆದರೆ ಹಾಸಿಗೆ ಸುತ್ತುತ್ತಿದ್ದ ಕೈ ಕಂಡಿತು. ಸಾಬೂನಿಗೆ ಸಿಪ್ಪೆ ಎದ್ದ ಕೈ. ತನ್ನ ಏಪ್ರನ್ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದಳು. ಮಂಚದ ಮೇಲೆ ಖಾಲಿ ಬಾಟಲಿಯ ಪೆಟ್ಟಿಗೆಗಳನ್ನು ಪೇರಿಸಿದಳು.

ಅಗ್ನಿಶಾಮಕ ದಳದವನು ಕೆಮ್ಮುತ್ತಾ ಇಳಿದ. "ಇಲ್ಲಿ ಯಾರು ಮಲಗ್ತಾರೆ?"

"ಖಾರ ಮಲಗುತ್ತೆ. ಇವಳು ನನ್ ಜೊತೆ ಕೆಲಸ ಮಾಡೋಳು."

ಅವನು ಪೆಟ್ಟಿಗೆಗಳ ಕೆಳಗಿನ ದಿಂಬನ್ನು ನೋಡಿದ. ಏನೋ ಹೇಳಹೊರಟವನಿಗೆ ಸೀನು ಬಂತು, ಮತ್ತೆ ಸೀನು ಬಂತು. "ಕಿಟಕಿ ತೆಗೀರಮ್ಮ, ದೇವರಾಣೆ," ಎಂದು ಮೇಲಕ್ಕೆ ಹೋದ.

ಗಾಡಿಯ ಸದ್ದು ದೂರವಾದ ಮೇಲೆ ನೆಲಿಡಾ ಮೆಲ್ಲಗೆ ಕೇಳಿದಳು. "ಕೆಲಸದೋಳು ಅಂದ್ರಿ. ಹಂಗಾದ್ರೆ ಒಂದು ಕೇಳ್ಲಾ? ನೀರು ಯಾಕೆ ಬೆರೆಸ್ತೀರಿ? ನಮ್ಮೂರಲ್ಲೂ ಖಾರ ಮಾಡ್ತೀವಿ, ಹಸಿ ನೀರು ತಾಗಿಸಲ್ಲ, ಕೆಡುತ್ತೆ."

"ಯಾರು ಬೆರೆಸ್ತಾರೆ?"

"ಸೆನ್ಯೋರ್, ನಿಮ್ಮ ಯಜಮಾನ್ರು. ನೀವು ಬಾಟಲಿ ಕೆಳಗಿಟ್ಟ ಸಂಜೆ ಬರ್ತಾರೆ. ಪ್ರತಿ ಬಾಟಲಿಯಿಂದ ಒಂದಿಷ್ಟು ತೆಗೆದು, ಅಷ್ಟೇ ನಲ್ಲಿ ನೀರು ಹಾಕ್ತಾರೆ. ತೆಗೆದಿದ್ದನ್ನ ಬೇರೆ ಬಾಟಲಿಗೆ ತುಂಬಿ ಕಾರಿನ ಡಿಕ್ಕಿಗೆ, ಬೇರೆ ಕಡೆ ಮಾರೋಕೇನೋ."

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀವೇ ಹೇಳಿ ಮಾಡಿಸ್ತಿದೀರಿ ಅನ್ಕೊಂಡೆ. ನಿಮ್ಮ ಮೇಲೇ ಅನುಮಾನ ಇತ್ತು ನನಗೆ. ಜೊತೆಗೆ ಬಾಡಿಗೆ ತಗೊಳ್ಳೋರು ಅವರು."

ರಾಮ್‌ಕರಣ್ ಮೆಟ್ಟಿಲಿನಿಂದ ತಲೆ ಹಾಕಿದ. "ಹೋದ್ರಾ? ಇವತ್ತೇ ಇವಳನ್ನ ಕಳಿಸು. ಇವಳ ಕಣ್ಣು..."

"ಯಾರ ಕಣ್ಣು ಅಂತ ಗೊತ್ತಾಯ್ತು. ಕಾರಿನ ಕೀ ಕೊಡಿ."

"ಯಾಕೆ?"

"ಡಿಕ್ಕಿ ನೋಡ್ಬೇಕು."

ಅವನು ನೆಲಿಡಾಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೀ ಕೊಡಲಿಲ್ಲ. ಅವನು ಕೊಡಬೇಕಾದ ಅಗತ್ಯವೂ ಉಳಿಯಲಿಲ್ಲ.

ಶನಿವಾರ ಇಬ್ಬರು ಹೆಂಗಸರು ತಳ್ಳುಗಾಡಿಯಲ್ಲಿ ಬಾಟಲಿ ಹೇರಿಕೊಂಡು ಲಿಬರ್ಟಿ ಅವೆನ್ಯೂಗೆ ಹೋದರು. ಬಾಟಲಿಗಳ ಮೇಲೆ ಚೀಟಿ ಇರಲಿಲ್ಲ. ಜಗ್ರೂಪ್ ಒಂದನ್ನು ತೆಗೆದು ನೆಕ್ಕಿದ. ಕಣ್ಣಲ್ಲಿ ನೀರು ಬಂತು.

"ಕಪಾಟು ನಿಮ್ದೇ ಆಂಟಿ. ಅಂಕಲ್ ಎಲ್ಲಿ? ಬಿಸಿನೆಸ್ ನೋಡ್ಕೊಳ್ಳೋರು?"

"ಮನೇಲಿದಾರೆ. ಸುಮ್ನೆ. ಬಾಟಲಿ ತೊಳೀತಾ."

ಸಂಜೆ ಬಸ್ಮತಿ ಕೈಯನ್ನು ಹಾಲಿನಲ್ಲಿ ಅದ್ದಿ ಕೂತಿದ್ದಾಗ ಕೆಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಾಟಲಿ ತೊಳೆಯುವ ಸದ್ದೇ ಇರಬೇಕು. ಆದರೂ ಎದ್ದಳು. ಬೆರಳುಗಳಿಂದ ಹಾಲು ತೊಟ್ಟಿಕ್ಕುತ್ತಿರುವಂತೆಯೇ ಮೆಟ್ಟಿಲ ಮೇಲೆ ನಿಂತು, ಅವನು ನಲ್ಲಿ ಮುಚ್ಚುವವರೆಗೂ ನೋಡುತ್ತಿದ್ದಳು.