ಅಡುಗೆಮನೆಗೆ ಹೋದ ಮಾತು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳಾದ್ದರಿಂದ, ಬರೆಯಲು ಕುಳಿತಾಗಲೆಲ್ಲ ಎಲ್ಲಿ ಒತ್ತಕ್ಷರ ತಪ್ಪೀತೋ, ಎಲ್ಲಿ ಹೇಳಬೇಕಾದದ್ದು ಹಿಂದುಮುಂದಾದೀತೋ ಎಂಬ ಅಳುಕು ಬಿಡುವುದಿಲ್ಲ. ಓದುಗ ಮಿತ್ರರೇ, ಹೋಮ್ ಥಿಯೇಟರಿನಂಥ ಸಾಮಾನ್ಯ ವಸ್ತುವಿನ ಕುರಿತು ಇಷ್ಟು ಗಂಭೀರವಾಗಿ ಬರೆಯುತ್ತಿರುವುದನ್ನೂ, ಅದರಲ್ಲಿ ಉಳಿಯಬಹುದಾದ ಲೋಪಗಳನ್ನೂ ಮನ್ನಿಸಬೇಕು.

ಹಾನಗಲ್ಲಿನ ಅಂಗಡಿಯಿಂದ ಅದನ್ನು ಅಕ್ಕಿಆಲೂರಿನ ನಮ್ಮ ಮನೆಗೆ ತಂದವರು ಚಿಕ್ಕಪ್ಪ. ಗುದ್ದುವ ಸದ್ದಿಗೊಂದು ದೊಡ್ಡ ಪೆಟ್ಟಿಗೆ, ಜೊತೆಗೆ ಐದು ಸಣ್ಣ ಸ್ಪೀಕರುಗಳು. ಮಾವಿನಹಣ್ಣಾಗಲಿ, ಹಬ್ಬದ ಬಟ್ಟೆಯಾಗಲಿ, ಮನೆಗೆ ಬಂದದ್ದು ಎಲ್ಲರಿಗೂ ಪಾಲಾಗಬೇಕೆಂಬುದು ನಮ್ಮಲ್ಲಿ ರೂಢಿ. ನಾಲ್ಕು ಸ್ಪೀಕರುಗಳು ಪಡಸಾಲೆಯ ನಾಲ್ಕು ಮೂಲೆ ಸೇರಿದವು. ಅಡ್ಡಲಾಗಿ ಮಲಗಿಸಿಡುವ ಉದ್ದನೆಯ ಐದನೆಯದನ್ನು ಚಿಕ್ಕಪ್ಪ, ತಮ್ಮ ವೈನಿಗೂ, ಅಂದರೆ ನಮ್ಮ ಅವ್ವನಿಗೂ, ಒಂದು ಪಾಲು ಇರಲೆಂದು, ವೈರನ್ನು ಬಾಗಿಲ ಮೇಲಿಂದ ಹಾಯಿಸಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಉಪ್ಪಿನ ಭರಣಿಯ ಪಕ್ಕ ಇರಿಸಿದರು. ರೊಟ್ಟಿ ಬಡಿಯುತ್ತಲೇ ಸಿನಿಮಾ ಕೇಳುವ ಭಾಗ್ಯ ಅವ್ವನದಾಯಿತು.

ಹಾಡುಗಳು ಎಲ್ಲೆಡೆ ಚೆನ್ನಾಗಿಯೇ ಕೇಳುತ್ತಿದ್ದವು. ಆದರೆ ಸಂಜೆ ಸಿನಿಮಾ ಹಚ್ಚಿಕೊಂಡು ಪಡಸಾಲೆಯಲ್ಲಿ ಒಬ್ಬರೇ ಕೂಡುತ್ತಿದ್ದ ಅಪ್ಪ, “ಕುದುರಿ ಓಡೂದು ಕೇಳಸ್ತತಿ, ಮಳಿ ಬರೂದು ಕೇಳಸ್ತತಿ. ಮಂದಿ ಏನಂತಾರ?” ಎಂದು ಕೇಳತೊಡಗಿದರು. ಆ ಹೊತ್ತಿನಲ್ಲಿ ಅಕ್ಕ, ನಾನು, ಅವ್ವ ಮೂವರೂ ಒಲೆಯ ಸುತ್ತಲೇ ಇರುತ್ತಿದ್ದೆವು. ನಮಗೋ ಪ್ರತಿ ಮಾತೂ ಸ್ಪಷ್ಟ. “ಚಂದಂಗ ಕೇಳಸಾಕತ್ತೈತಲ್ರಿ,” ಎಂದು ಅವ್ವ ಒಳಗಿನಿಂದಲೇ ಅನ್ನುತ್ತಿದ್ದಳು. ಸದ್ದು ಹೆಚ್ಚಿಸಿದರೆ ಕುದುರೆಗಳಷ್ಟೇ ಜೋರಾಗಿ ಓಡುತ್ತಿದ್ದವು. ಅಪ್ಪನಿಗೆ ಕಿವಿ ಮಂದವಾಗಿದೆ ಎಂಬ ತೀರ್ಮಾನಕ್ಕೆ ಮನೆಯೆಲ್ಲ ಬಂದಿತು. ಕ್ರಮೇಣ ಅಪ್ಪನೂ ಬಂದರು.

ಕಿವಿ ಮಂದವಾಯಿತೆಂದು ನಂಬಿದವರೊಡನೆ ನಾವು ದನಿಯನ್ನು ಏರಿಸುತ್ತೇವೆ, ಮಾತನ್ನು ಇಳಿಸುತ್ತೇವೆ. ಉಂಡಿರೇನು, ಮಲಗುವಿರೇನು ಎಂಬುದನ್ನು ಕೂಗಿ ಹೇಳಿ, ಬೆಲೆಯುಳ್ಳ ಮಾತನ್ನು ಅವರ ಎದುರಿನಲ್ಲೇ ಬೇರೆಯವರೊಡನೆ ಮುಗಿಸಿಬಿಡುತ್ತೇವೆ. ಅಪ್ಪನ ಸ್ಥಿತಿಯೂ ಅದೇ ಆಯಿತು.

ಅಷ್ಟರಲ್ಲಿ ಅಕ್ಕನನ್ನು ನೋಡಿಹೋಗಿದ್ದ ಸವಣೂರಿನವರು ಮಾತುಕತೆಗೆ ಬರುವುದಾಗಿ ತಿಳಿಸಿದರು. ಅಪ್ಪ ಚಿಕ್ಕಪ್ಪನನ್ನು ಕರೆದು, “ನೀನ ಮಾತಾಡಪಾ. ನಾ ಒಳಗ ಇರ್ತೇನಿ. ಬೀಗರ ಮುಂದ ಏನಂದ್ರಿ, ಏನಂದ್ರಿ ಅನ್ನಕೋತ ಕುಂತರ ಚಂದ ಕಾಣೂದಿಲ್ಲ,” ಎಂದರು. ಹಿಟ್ಟು ನಾದುತ್ತಿದ್ದ ಅಕ್ಕನ ಕೈ ನಿಂತಿತು. ತಾನು ನಡೆಸುತ್ತಿದ್ದ ಹೊಲಿಗೆ ಅಂಗಡಿಯನ್ನು ಮದುವೆಯ ನಂತರ ಬಿಡಲಾರೆನೆಂದು ಅವಳು ಹೇಳಿಕೊಂಡಿದ್ದು ಅಪ್ಪನಲ್ಲಿ ಮಾತ್ರ. ಚಿಕ್ಕಪ್ಪನಿಗೆ ತಿಳಿಸಿದರೂ, ಅವರಿಗೆ ಅದು ಮಾತುಕತೆಯಲ್ಲಿ ಎತ್ತುವಷ್ಟು ದೊಡ್ಡ ವಿಷಯವಲ್ಲ.

ಅಂದು ಸಂಜೆ ಮನಸ್ಸು ತಡೆಯದೆ ನಾನು ಅಪ್ಪನ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಒಬ್ಬ ತಾಯಿ ಅಳುತ್ತ ಏನೋ ಹೇಳುತ್ತಿದ್ದಳು. ತುಟಿ ಅಲುಗುತ್ತಿತ್ತು, ಮೂಲೆಗಳಿಂದ ಬರಿಯ ವಾದ್ಯ ಬರುತ್ತಿತ್ತು. ನನ್ನ ಕಿವಿಯೂ ಹೋಯಿತೇ ಎಂದು ಗಾಬರಿಯಾದಾಗಲೇ ಅಡುಗೆಮನೆಯಲ್ಲಿ ಅವ್ವ ಮರುಗಿ ಲೊಚಗುಟ್ಟಿದಳು. ಎದ್ದು ಹೋಗಿ ನೋಡಿದರೆ, ಆ ತಾಯಿಯ ಗೋಳೆಲ್ಲ ಉಪ್ಪಿನ ಭರಣಿಯ ಪಕ್ಕದಿಂದ ಹೊಮ್ಮುತ್ತಿತ್ತು. ಯಾರೂ ಬಿಚ್ಚದ ಕೈಪಿಡಿಯನ್ನು ಬಿಚ್ಚಿದೆ: ಐದನೆಯದಾದ ಈ ನಡುವಿನ ಸ್ಪೀಕರು ಮಾತಿಗೆಂದೇ ಇರುವುದು, ಅದರ ಜಾಗ ಟೀವಿಯ ಕೆಳಗೆ.

ಸ್ಪೀಕರನ್ನು ಎತ್ತಿಕೊಳ್ಳುವಾಗ ಅವ್ವ, ತನ್ನ ಪಾಲಿಗೆ ಕೈ ಹಾಕಿದೆನೆಂದು ಗೊಣಗಿದಳು. ಟೀವಿಯ ಕೆಳಗಿಟ್ಟ ಕೂಡಲೇ ಮಾತು ಕೇಳಿಸಿತು. ಅಪ್ಪ ಒಂದಿಡೀ ದೃಶ್ಯ ಕೇಳಿದರು.

“ಹಂಗಾರ ನನ್ನ ಕಿವಿ ಅಲ್ಲ,” ಎಂದರು. ಆಮೇಲೆ ಅವ್ವನತ್ತ ತಿರುಗಿ, “ಇಷ್ಟ ದಿನ ಕಥಿ ಎಲ್ಲಾ ನೀ ಒಬ್ಬಾಕಿನ ಕೇಳಿ, ನನಗ ಕುದುರಿ ಬಿಟ್ಟೀಯಲ್ಲ.”

ಸವಣೂರಿನವರು ಬಂದಾಗ ಅಪ್ಪ ಜಮಖಾನದ ಮೇಲೆ ಎದುರಿಗೇ ಕುಳಿತರು. “ನಮ್ಮ ಹುಡುಗಿ ಅಂಗಡಿ ನಡಸ್ತಾಳ್ರಿ. ಮದಿವ್ಯಾದ ಮ್ಯಾಲೂ ನಡಸ್ತಾಳ. ಅದಕ್ಕ ನೀವೇನಂತೀರಿ?” ಎಂದು ಕೇಳಿ, ಉತ್ತರವನ್ನು ಪೂರ್ತಿ ಆಲಿಸಿದರು.

ಈಗ ಅಕ್ಕ ಸವಣೂರಿನಲ್ಲಿದ್ದಾಳೆ. ಅವಳ ಹೊಲಿಗೆ ಅಂಗಡಿಯೂ ಅಲ್ಲಿಯೇ ನಡೆಯುತ್ತಿದೆ. ಅವ್ವ ರೊಟ್ಟಿಯನ್ನು ಬೇಗ ಮುಗಿಸಿ ಪಡಸಾಲೆಗೆ ಬಂದು ಕೂಡುತ್ತಾಳೆ. ಅಪ್ಪನೊಡನೆ ಯಾರೂ ಕೂಗಿ ಮಾತನಾಡುವುದಿಲ್ಲ, ಅವರನ್ನು ಕೇಳದೆ ಮನೆಯ ಯಾವ ಮಾತೂ ಮುಗಿಯುವುದಿಲ್ಲ.