ಕಾರಿನ ದೃಷ್ಟಿದೋಷ

ಕಾರಿನ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ: ಎಡಗಡೆ ಬಾಗಿಲು ತೆಗೆದರೆ ಅಮ್ಮ ಕೂರುತ್ತಾಳೆ, ಬಲಗಡೆ ಬಾಗಿಲು ತೆಗೆದರೆ ನಾನು ಕೂರುತ್ತೇನೆ. ಉಳಿದದ್ದನ್ನು ಕಾರೇ ನೋಡಿಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದರು. ಮಳೆ ಬಂದರೆ ವೈಪರ್ ತಾನಾಗಿ ಆಡುತ್ತದಂತೆ, ಕತ್ತಲಾದರೆ ದೀಪ ತಾನಾಗಿ ಹತ್ತುತ್ತದಂತೆ, ಯಾರಾದರೂ ಅಡ್ಡ ಬಂದರೆ ನಾನು ಮರೆತರೂ ಅದು ಬ್ರೇಕ್ ಹಾಕುತ್ತದಂತೆ. ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತನಾದವನು ನಾನು. ನನ್ನ ತಪ್ಪನ್ನೂ ತಿದ್ದುವವರೊಬ್ಬರು ಕೊನೆಗೂ ಸಿಕ್ಕರಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಕಾರು ಕೊಂಡದ್ದು ಅಮ್ಮನಿಗಾಗಿ. ಅವಳಿಗೆ ಎಂಬತ್ತು ದಾಟಿದೆ. ಅವಳ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಹೆಸರಘಟ್ಟದಲ್ಲಿ ಮಗಳ ಜೊತೆ ಇದ್ದಾಳೆ. ಸೊಂಟ ಮುರಿದುಕೊಂಡ ಮೇಲೆ ಚಿಕ್ಕಮ್ಮ ಹೊಸಿಲು ದಾಟುವುದಿಲ್ಲ. ಹಾಗಾಗಿ ಪ್ರತಿ ಎರಡನೇ ಶನಿವಾರ ಸಹಕಾರನಗರದ ನಮ್ಮ ಮನೆಯಿಂದ ಅಮ್ಮನೇ ಹೋಗಬೇಕು. ಹೋಗಿ ಘನಂದಾರಿ ಕೆಲಸವೇನೂ ಮಾಡುವುದಿಲ್ಲ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು, ಚಿಕ್ಕವರಿದ್ದಾಗ ಎಮ್ಮೆಯ ಹಗ್ಗ ಬಿಚ್ಚಿದ್ದು ಯಾರು ಎಂಬ ಜಗಳವನ್ನು ಹೋದ ಸಲ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಬಾಡಿಗೆ ಕಾರಿನ ಸೆಂಟಿನ ವಾಸನೆಗೆ ಅಮ್ಮನಿಗೆ ವಾಂತಿ ಬರುತ್ತದೆ, ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ಇನ್ನೆಷ್ಟು ಎರಡನೇ ಶನಿವಾರಗಳು ಆ ಇಬ್ಬರಿಗೆ ಉಳಿದಿವೆಯೋ ಗೊತ್ತಿಲ್ಲ. ಒಂದು ತಪ್ಪಿದರೂ ನನಗೆ ಸಂಕಟವಾಗುತ್ತದೆ.

ಅಂಥದ್ದೊಂದು ಶನಿವಾರ ಯಲಹಂಕ ದಾಟಿ ರಾಜಾನುಕುಂಟೆ ಹತ್ತಿರವಾಗುತ್ತಿದ್ದಾಗ, ಖಾಲಿ ರಸ್ತೆಯಲ್ಲಿ ಕಾರು ಗಕ್ಕನೆ ಬ್ರೇಕ್ ಹಾಕಿಕೊಂಡು ನಿಂತಿತು. ನಾನು ಹಾಕಿದ್ದಲ್ಲ, ಅದೇ ಹಾಕಿಕೊಂಡದ್ದು. ಎದುರಿಗೆ ನಾಯಿಯಿಲ್ಲ, ನರಪಿಳ್ಳೆಯಿಲ್ಲ. ಅಮ್ಮನ ಮಡಿಲಲ್ಲಿದ್ದ ಡಬ್ಬಿ ಹಾರಿ, ತಂಗಿಗೆಂದು ಕಟ್ಟಿದ್ದ ರವೆ ಉಂಡೆಗಳು ನನ್ನ ಕಾಲಬುಡಕ್ಕೆ ಉರುಳಿದವು. ಪರದೆಯ ಮೇಲೆ ಹಳದಿ ದೀಪ ಹತ್ತಿ, ಸರ್ವಿಸ್ ಸೆಂಟರಿಗೆ ಹೋಗಿ ಎಂಬ ಸಲಹೆ ಬಂತು.

"ಯಾರೋ ಅಡ್ಡ ಬಂದವ್ರೆ ಕಣಪ್ಪ," ಅಂದಳು ಅಮ್ಮ, ಖಾಲಿ ರಸ್ತೆಯನ್ನೇ ನೋಡುತ್ತ. "ನಮಗೆ ಕಾಣ್ತಿಲ್ಲ, ಅದಕ್ಕೆ ಕಾಣ್ತೈತೆ. ಗಾಡಿಗೆ ದೃಷ್ಟಿ ಆಗೈತೆ. ಮನೆಗೆ ತಿರುಗ್ಸು."

ತಿರುಗಿಸಿದೆ. ಇದು ವಾಸಿಯಾಗುವವರೆಗೆ ಕೂರುವುದಿಲ್ಲ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದಳು.

ಹೆಬ್ಬಾಳದ ಸರ್ವಿಸ್ ಸೆಂಟರಿನಲ್ಲಿ ಬಂದ ಗಾಡಿಯನ್ನು ಮೊದಲು ನೊರೆ ಹಾಕಿ ತೊಳೆಯುತ್ತಾರೆ, ಆಮೇಲೆ ಪರೀಕ್ಷೆ. ಸಂಜೆಗೆ ಶ್ವೇತಾ ಎಂಬ ಹೆಣ್ಣುಮಗಳು ಫೋನ್ ಮಾಡಿ, "ಸಾರ್, ನಮ್ಮ ಹತ್ರ ಚೆನ್ನಾಗೇ ಓಡ್ತಿದೆ. ಆದ್ರೂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ," ಅಂದಳು. ಕಾರು ಮನೆಯವರೆಗೆ ಮೊಲದ ಹಾಗೆ ಬಂತು. ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ನಾನೊಬ್ಬನೇ ಕೊಡಿಗೇಹಳ್ಳಿಯವರೆಗೆ ಹೋದರೆ, ಮತ್ತೆ ಅದೇ ಬ್ರೇಕು, ಅದೇ ಹಳದಿ ದೀಪ. ಮತ್ತೆ ಹೆಬ್ಬಾಳ, ಮತ್ತೆ ಅಪ್‌ಡೇಟ್, ಮತ್ತೆ ಮನೆಗೆ ಬಂದ ಮರುದಿನವೇ ರೋಗ. ವೈದ್ಯರ ಮುಂದೆ ಕೂತ ಕೂಡಲೇ ನಿಲ್ಲುವ ಕೆಮ್ಮನ್ನು ನಾನು ಬಲ್ಲೆ. ಕಾರಿಗೂ ಅದು ಬರುತ್ತದೆಂದು ತಿಳಿದಿರಲಿಲ್ಲ. ಮೂರನೇ ಸಲ ಶ್ವೇತಾ ಬಹಳ ಮರ್ಯಾದೆಯಿಂದ, "ಮನೇಲಿ ಏನಾದ್ರೂ ಆಕ್ಸೆಸರಿ ಹಾಕ್ಸಿದೀರಾ ಸಾರ್?" ಎಂದು ಕೇಳಿದಳು. ಏನೂ ಇಲ್ಲಮ್ಮ, ಕಂಪನಿ ಕೊಟ್ಟ ಹಾಗೇ ಇಟ್ಟುಕೊಂಡಿದ್ದೇನೆ ಎಂದು ಸ್ವಲ್ಪ ಬಿಗುಮಾನದಿಂದಲೇ ಹೇಳಿದೆ.

ಈ ನಡುವೆ ನಮ್ಮ ಕಾರಿನಂಥದೇ ಕಾರು ಉಳ್ಳವರ ವಾಟ್ಸ್ಯಾಪ್ ಗುಂಪಿಗೆ ಸೇರಿಕೊಂಡೆ. ಗೋಳು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆರ್.ಟಿ. ನಗರದವರೊಬ್ಬರ ಕಾರು ದಿನಾ ಬೆಳಿಗ್ಗೆ ಸುಸ್ವಾಗತ ಹೇಳಿ ಆಮೇಲೆ ಸ್ಟಾರ್ಟ್ ಆಗಲು ಒಪ್ಪುವುದಿಲ್ಲ. ಯಶವಂತಪುರದವರೊಬ್ಬರು ಎಡಕ್ಕೆ ಇಂಡಿಕೇಟರ್ ಹಾಕಿದರೆ ಡಿಕ್ಕಿ ತೆರೆದುಕೊಳ್ಳುತ್ತದೆ. ಒಬ್ಬ ತರುಣ ನನ್ನ ದೂರನ್ನು ಓದಿ, "ನಿಮ್ದು ಯಾವ ವರ್ಷನ್ ಸಾರ್?" ಎಂದು ಬರೆದ. ಕೊನೆಯ ‘ನ್’ ಅಚ್ಚಿನ ತಪ್ಪಿರಬೇಕೆಂದು ಮನಸ್ಸಿನಲ್ಲೇ ಹೊಡೆದುಹಾಕಿ, ನಾನು ಹುಟ್ಟಿದ ವರ್ಷ ಬರೆದೆ. "ಹಂಗಾದ್ರೆ ಅಪ್‌ಡೇಟ್ ಸಿಗಲ್ಲ ಬಿಡಿ ಗುರು," ಎಂದು ಇನ್ನೊಬ್ಬರು ಉತ್ತರಿಸಿದರು. ಆಮೇಲೆ ನಾನು ಓದುಗನಾಗಿ ಮಾತ್ರ ಉಳಿದೆ.

ಎರಡು ಎರಡನೇ ಶನಿವಾರಗಳು ಹೀಗೆ ಕಳೆದುಹೋದವು. ಚಿಕ್ಕಮ್ಮ ದಿನಾ ಸಾಯಂಕಾಲ ಫೋನ್ ಮಾಡಿ, "ಅಕ್ಕ ಯಾವಾಗ್ ಬರ್ತೈತೆ?" ಎಂದು ನನ್ನನ್ನೇ ಕೇಳುತ್ತಿದ್ದಳು. ಫೋನಿನಲ್ಲಿ ಎಮ್ಮೆಯ ಜಗಳ ಏರುತ್ತಿರಲಿಲ್ಲ. ಮುಖ ನೋಡದೆ ಜಗಳವಾಡುವುದು ಅವರಿಬ್ಬರಿಗೂ ಬರುವುದಿಲ್ಲ.

ಮೂರನೇ ಸಲ ಕಾರು ಮನೆಗೆ ಬಂದ ಮಧ್ಯಾಹ್ನ, ನಾನು ಕಿಟಕಿಯ ಪಕ್ಕ ಪೇಪರ್ ಹಿಡಿದು ಕೂತಿದ್ದೆ. ಪೋರ್ಟಿಕೋದಲ್ಲಿ ನಿಂತ ಕಾರಿನ ಮುಂಗಾಜು ನಮ್ಮ ಮೂರನೇ ಮೆಟ್ಟಿಲಿಗೆ ಸಮವಾಗಿ ಬರುತ್ತದೆ. ಆ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಳು. ಎಡಗೈ ಕಂಬಕ್ಕೆ, ಬಲಗೈಯಲ್ಲಿ ಸಾರಿನ ಉದ್ದ ಸೌಟು, ತಲೆಕೆಳಗಾಗಿ. ಸೌಟಿನ ಹಿಡಿಯ ತುದಿಯನ್ನು ಒಂದು ಬಟ್ಟಲಿಗೆ ಅದ್ದಿದಳು. ಕೈ ಚಾಚಿ, ಗಾಜಿನ ಮೇಲ್ಭಾಗದ ನಡುಮಧ್ಯೆ, ಒಳಗಿನ ಕನ್ನಡಿಯ ನೇರಕ್ಕೆ, ಒಂದು ಕಪ್ಪು ಬೊಟ್ಟು ಇಟ್ಟಳು. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ. ಸೊನ್ನೆಯಷ್ಟು ದುಂಡಗೆ, ಅಚ್ಚುಕಟ್ಟಾಗಿತ್ತು.

ಅಡ್ಡ ಬಂದವರನ್ನು ಗುರುತಿಸುವ ಕ್ಯಾಮೆರಾ ಇರುವುದು ಸರಿಯಾಗಿ ಅಲ್ಲಿ, ಆ ಗಾಜಿನ ಹಿಂದೆ.

ಮೂವತ್ತು ವರ್ಷ ಚುಕ್ಕೆ, ಸೊನ್ನೆ, ಅಲ್ಪವಿರಾಮಗಳನ್ನು ಹುಡುಕಿ ಅನ್ನ ತಿಂದವನಿಗೆ ಈ ಒಂದು ಚುಕ್ಕೆ ಕಂಡಿರಲಿಲ್ಲ. ಗಾಜಿನ ಅಂಚಿನಲ್ಲಿ ಕಂಪನಿಯವರೇ ಕಪ್ಪು ಚುಕ್ಕೆಗಳ ಸಾಲು ಅಚ್ಚು ಹಾಕಿರುತ್ತಾರೆ, ಇದು ಅದರೊಳಗೆ ಸೇರಿಹೋಗಿತ್ತು. ಡ್ರೈವರ್ ಸೀಟಿನಿಂದ ನೋಡಿದರೆ ಕನ್ನಡಿ ಮರೆ. ಹೆಬ್ಬಾಳದವರು ಪ್ರತಿ ಸಲ ನೊರೆ ಹಾಕಿ ರೋಗವನ್ನು ತೊಳೆದು ಆಮೇಲೆ ರೋಗ ಹುಡುಕುತ್ತಿದ್ದರು. ಅವರನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ದೃಷ್ಟಿ ಎಂಬ ಮಾತೇ ವಿಚಿತ್ರ. ನೋಡುವ ಶಕ್ತಿಯೂ ದೃಷ್ಟಿ, ಇನ್ನೊಬ್ಬರು ನೋಡಿದ್ದರಿಂದ ತಗಲುವ ಕೇಡೂ ದೃಷ್ಟಿ. ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಬಂದರೆ ಸಂತೋಷ, ತೊಟ್ಟಿಲಲ್ಲಿ ದೃಷ್ಟಿ ಆದರೆ ಗಾಬರಿ. ಬರುವುದು ಬೇರೆ, ಆಗುವುದು ಬೇರೆ, ತೆಗೆಯುವುದು ಮಾತ್ರ ಎರಡಕ್ಕೂ ಒಂದೇ ಕ್ರಿಯಾಪದ. ಅಮ್ಮ ಕಾರಿನ ದೃಷ್ಟಿ ತೆಗೆದಿದ್ದಳು. ವ್ಯಾಕರಣದಲ್ಲಿ ದೋಷವಿರಲಿಲ್ಲ.

ಹೊರಗೆ ಹೋದೆ. ನಿನ್ನಿಂದಲೇ ಹೀಗಾಯಿತು ಎನ್ನುವ ಮಾತು ಬಾಯಿಗೆ ಬಂದಿತ್ತು. ತಂಗಿಯ ಮನೆಯ ದಾರಿಯನ್ನು ತಾನೇ ಮುಚ್ಚಿಕೊಂಡೆ ಎಂದು ಗೊತ್ತಾದರೆ ಅವಳ ಮುಖ ಹೇಗಾದೀತೆಂದು ನೆನೆದು ಸುಮ್ಮನಾದೆ.

"ಅಮ್ಮ, ಅಲ್ಲಿ ಬೇಡ. ಅಲ್ಲಿ ಅದರ ಕಣ್ಣಿದೆ."

"ಗಾಡಿ ರಸ್ತೇಲಿ ನಿಂತ ಹಿಂದಿನ್ ದಿನ ಎದುರುಮನೆಯೋರು ನಿಂತ್ಕಂಡು ಕಾರನ್ನೇ ನೋಡ್ತಿದ್ರು, ಅವತ್ತಿಂದ ಇಡ್ತಾ ಇವ್ನಿ. ಹಣೆ ಅಂತಲ್ವಾ ಇಟ್ಟಿದ್ದು?" ಅಮ್ಮ ಗಾಜನ್ನೂ ನನ್ನನ್ನೂ ನೋಡಿದಳು. "ಕಣ್ಣು ಹಣೇಲಿ ಮಡಗವ್ರಾ? ಹಣೆಗಣ್ಣು ಶಿವನಿಗಲ್ವಾ ಇರೋದು?"

"ಇವರೂ ಮಡಗವ್ರೆ."

ಅಮ್ಮ ಸೆರಗಿನ ತುದಿಯನ್ನು ಸೌಟಿಗೆ ಸುತ್ತಿ, ಕೈ ಚಾಚಿ, ಬೊಟ್ಟನ್ನು ಒರೆಸತೊಡಗಿದಳು. "ಮೊದ್ಲೇ ಹೇಳ್ಬಾರ್ದಾ? ಮಗೀಗೆ ಯಾರಾನ ಕಣ್ಣಿಗೇ ಬೊಟ್ಟು ಇಕ್ತಾರಾ? ಕೆನ್ನೆಗೆ ಇಕ್ತಾರೆ." ಗಾಜು ಫಳಫಳ ಆಗುವವರೆಗೆ ಬಿಡಲಿಲ್ಲ. ಕೆಳಗಿಳಿದು ಬಂದು ಮುಂದಿನ ಬಂಪರಿನ ಎಡಮೂಲೆಗೆ, ಅವಳ ಲೆಕ್ಕದ ಕೆನ್ನೆಗೆ, ಹೊಸ ಬೊಟ್ಟು ಇಟ್ಟಳು.

ಶನಿವಾರ ಹೊರಟೆವು. ರಾಜಾನುಕುಂಟೆಯಲ್ಲಿ ಒಂದು ಹಸು ನಿಜವಾಗಿಯೇ ಅಡ್ಡ ಬಂತು. ಕಾರು ನಯವಾಗಿ ನಿಂತು, ದಾರಿ ಕೊಟ್ಟು, ಮುಂದೆ ಹೋಯಿತು. ಉಂಡೆಯ ಡಬ್ಬಿ ಅಲ್ಲಾಡಲಿಲ್ಲ.

ಚಿಕ್ಕಮ್ಮ ಮಂಚದ ಮೇಲೆ ಕೂತು ಅಕ್ಕನ ಕೈ ಹಿಡಿದುಕೊಂಡು, ಬಹಳ ಹೊತ್ತು ಬಿಡಲೇ ಇಲ್ಲ. ಆಮೇಲೆ, ಗಾಡಿಗೆ ಏನಾಗಿತ್ತು ಎಂದು ಕೇಳಿದಳು.

"ಪಾಪ, ಅದಕ್ಕೆ ಕಣ್ಣು ಕಾಣ್ತಿರ್ಲಿಲ್ಲ ಕಣೆ," ಅಂದಳು ಅಮ್ಮ. "ಕಂಪ್ನಿಯವ್ರು ಮೂರು ಸಲ ನೋಡಿದ್ರು, ಅವ್ರ ಕೈಲಾಗ್ಲಿಲ್ಲ. ಕೊನೇಗೆ ನಾನೇ ಸೆರಗಲ್ಲಿ ಒರ್ಸಿ ಸರಿ ಮಾಡ್ದೆ."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ಅಮ್ಮನೂ ನೋಡಿದಳು, ಬೇಕಿದ್ದಕ್ಕಿಂತ ಸ್ವಲ್ಪ ಬೇಗ. ಆ ಮಾತನ್ನು ಹಳೆಯ ಅಭ್ಯಾಸದಂತೆ ಮನಸ್ಸಿನಲ್ಲಿ ಓದಿಕೊಂಡೆ. ಒಂದು ಅಕ್ಷರವೂ ತಪ್ಪಿರಲಿಲ್ಲ, ನಡುವೆ ಒಂದು ಸಾಲು ಮಾತ್ರ ಬಿಟ್ಟುಹೋಗಿತ್ತು. ಬಿಟ್ಟುಹೋದದ್ದನ್ನು ಅಂಚಿನಲ್ಲಿ ಬರೆದು ಸೇರಿಸುವುದೇ ಇಷ್ಟು ವರ್ಷ ನನ್ನ ಕಸುಬಾಗಿತ್ತು.

"ಹೌದು ಚಿಕ್ಕಮ್ಮ, ಅಮ್ಮನೇ ಸರಿ ಮಾಡಿದ್ದು," ಅಂದೆ.

ಅಷ್ಟರಲ್ಲಿ ಎಮ್ಮೆಯ ಮಾತು ಬಂದಾಗಿತ್ತು.